ಕಡಲ ಗಡಿಯಾರ ನೋಡಿಕೊಂಡು ಅಂಡಮಾನಿಗೆ ಹೊರಡಿ

ಬೆಂಗಳೂರು ಮತ್ತು ಅಂಡಮಾನಿನ ಪೋರ್ಟ್ ಬ್ಲೇರ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಪೋರ್ಟ್ ಬ್ಲೇರ್ ನಮಗಿಂತ ಹದಿನೈದು ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಿಡಿದರೆ ಅಲ್ಲಿ ಸೂರ್ಯ ಪೂರಾ ಒಂದು ಗಂಟೆ ಮೊದಲು ಹುಟ್ಟಿ, ಒಂದು ಗಂಟೆ ಮೊದಲು ಮುಳುಗುತ್ತಾನೆ. ಗಡಿಯಾರ ಮಾತ್ರ ಎರಡೂ ಊರಲ್ಲಿ ಒಂದೇ. ಡಿಸೆಂಬರಿನಲ್ಲಿ ಅಲ್ಲಿ ಬೆಳಗ್ಗೆ ಐದೂವರೆಗೆಲ್ಲ ಬೆಳಕು ಹರಿಯುತ್ತದೆ, ಸಂಜೆ ಐದರ ಹೊತ್ತಿಗೆ ಹೊತ್ತು ಮುಳುಗುತ್ತದೆ. ಬೆಂಗಳೂರಿನ ಅಭ್ಯಾಸದಲ್ಲಿ ಎಂಟಕ್ಕೆ ಎದ್ದು, ತಿಂಡಿ ಮುಗಿಸಿ ಹತ್ತಕ್ಕೆ ಹೊರಡುವ ಕುಟುಂಬ ಆ ಹೊತ್ತಿಗಾಗಲೇ ಹಗಲಿನ ಮೂರನೇ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಇಷ್ಟು ಸಣ್ಣ ಸಂಗತಿಯನ್ನೂ ಪ್ರವಾಸದ ಯೋಜನೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದೇ ಈ ಬರಹಕ್ಕೆ ಕಾರಣ. ನಾವು ದ್ವೀಪಕ್ಕೆ ಹೊರಡುವಾಗ ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತೇವೆ; ಆ ಜಾಗಗಳು ಯಾವಾಗ ನೋಡಸಿಗುತ್ತವೆ ಎಂದು ಕೇಳಿಕೊಳ್ಳುವುದಿಲ್ಲ. ಬೆಟ್ಟ, ದೇವಸ್ಥಾನ, ಅರಮನೆಗಳ ಊರಿಗೆ ಪಟ್ಟಿಯ ಯೋಜನೆ ಸರಿಹೋಗಬಹುದು. ದ್ವೀಪದ ಬದುಕು ನಡೆಯುವುದು ಸೂರ್ಯ, ಉಬ್ಬರ-ಇಳಿತ, ಗಾಳಿ ಮತ್ತು ಹಡಗು ಎಂಬ ನಾಲ್ಕರ ಮೇಲೆ. ಯೋಜನೆ ಈ ನಾಲ್ಕರಿಂದ ಶುರುವಾಗಬೇಕು, ಪಟ್ಟಿ ಆಮೇಲೆ ಬರಬೇಕು. ಹಾಗೆ ಮಾಡಿದಾಗ ನೋಡುವ ಜಾಗ ಕಡಿಮೆಯಾಗುತ್ತದೆ, ನೋಟ ಹೆಚ್ಚಾಗುತ್ತದೆ, ಜೊತೆಗೆ ದ್ವೀಪಕ್ಕೆ ನಮ್ಮಿಂದಾಗುವ ಹಾನಿಯೂ ತಗ್ಗುತ್ತದೆ.

ಈಗ ಚಾಲ್ತಿಯಲ್ಲಿರುವ ಯೋಜನೆಯ ಲೆಕ್ಕವನ್ನೇ ಮೊದಲು ಮಾಡೋಣ. ಐದು ರಾತ್ರಿ, ಆರು ಹಗಲಿನ ಸಾಮಾನ್ಯ ಪ್ಯಾಕೇಜಿನಲ್ಲಿ ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲು, ರಾಸ್ ದ್ವೀಪ, ನಾರ್ತ್ ಬೇ, ಹ್ಯಾವ್‌ಲಾಕಿನ ರಾಧಾನಗರ, ಕಾಲಾಪತ್ಥರ್ ಮತ್ತು ಎಲಿಫೆಂಟ್ ಬೀಚ್, ನೀಲ್ ದ್ವೀಪದ ಭರತಪುರ, ಲಕ್ಷ್ಮಣಪುರ ಮತ್ತು ಕಲ್ಲಿನ ಸೇತುವೆ, ಇವೆಲ್ಲದರ ಮೇಲೆ ಒಂದು ದಿನ ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆ ಇರುತ್ತವೆ. ವಿಮಾನದಲ್ಲಿ ಬಂದಿಳಿಯುವ ಮತ್ತು ಹೊರಡುವ ಎರಡು ಅರ್ಧ ದಿನ ಸೇರಿ ಒಂದು ದಿನ ಹೋಯಿತು. ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ನೀಲ್‌ನಿಂದ ಮತ್ತೆ ಪೋರ್ಟ್ ಬ್ಲೇರ್, ಹೀಗೆ ಮೂರು ಸಲ ಸಮುದ್ರ ದಾಟಬೇಕು. ವೇಗದ ಹಡಗಿನಲ್ಲಿ ಒಂದೂವರೆ-ಎರಡು ಗಂಟೆಯ ಹಾದಿಯೇ ಇರಲಿ, ರೂಮು ಖಾಲಿ ಮಾಡುವುದು, ಜೆಟ್ಟಿಗೆ ಒಂದು ಗಂಟೆ ಮೊದಲೇ ಹೋಗಿ ನಿಲ್ಲುವುದು, ಸಾಮಾನು ಇಳಿಸಿಕೊಂಡು ಇನ್ನೊಂದು ಹೋಟೆಲು ಸೇರುವುದು ಎಲ್ಲ ಕೂಡಿದರೆ ಸಲಕ್ಕೆ ಅರ್ಧ ಹಗಲು ಎಲ್ಲೂ ಹೋಗಿಲ್ಲ. ಅಲ್ಲಿಗೆ ಇನ್ನೂ ಒಂದೂವರೆ ದಿನ ಮುಗಿಯಿತು. ಬಾರಾಟಾಂಗಿಗೆ ಕತ್ತಲಲ್ಲೇ ಹೊರಟು ಮರಳುವಷ್ಟರಲ್ಲಿ ಇಡೀ ದಿನ ಕಳೆಯುತ್ತದೆ. ಆರು ದಿನದಲ್ಲಿ ಮೂರೂವರೆ ದಿನ ಹೋಗಿ, ಒಂಬತ್ತು ಜಾಗಗಳಿಗೆ ಉಳಿದದ್ದು ಎರಡೂವರೆ ದಿನ. ದೂರದಿಂದ ಸಾವಿರಾರು ರೂಪಾಯಿ ಖರ್ಚು ಮಾಡಿ ಬಂದವರು ಸಮುದ್ರವನ್ನು ಹಡಗಿನ ಕಿಟಕಿಯಿಂದಲೂ ಗುಹೆಯನ್ನು ಸರದಿಯಲ್ಲಿ ನಿಂತೂ ನೋಡಿ ಬರುತ್ತಾರೆ. ಇದರಲ್ಲಿ ಅವರ ಆಸಕ್ತಿಯ ಕೊರತೆ ಏನೂ ಇಲ್ಲ. ಇಂಥ ಯೋಜನೆಯಲ್ಲಿ ಇದಕ್ಕಿಂತ ಹೆಚ್ಚು ದಕ್ಕುವುದು ಸಾಧ್ಯವೇ ಇರಲಿಲ್ಲ.

ಉಬ್ಬರ-ಇಳಿತದ ಮಾತಿಗೆ ಬಂದರೆ ಪಟ್ಟಿಯ ಸೋಲು ಇನ್ನೂ ಚೆನ್ನಾಗಿ ಕಾಣುತ್ತದೆ. ನಮ್ಮ ಕರಾವಳಿಯವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಅಂಡಮಾನಿನ ಕಡಲಿನಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಪ್ರತಿದಿನವೂ ಆ ಹೊತ್ತು ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ದಿನಕ್ಕೆ ಐವತ್ತು ನಿಮಿಷವೆಂದರೆ ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಅಂದರೆ ಈ ಭಾನುವಾರ ಮಧ್ಯಾಹ್ನ ಮೂರಕ್ಕೆ ನೀರು ತೀರಾ ಇಳಿದಿದ್ದರೆ, ಮುಂದಿನ ಭಾನುವಾರ ಅದೇ ಮೂರಕ್ಕೆ ಅದು ತುಂಬಿ ನಿಂತಿರುತ್ತದೆ. ನೀಲ್ ದ್ವೀಪದ ಕಲ್ಲಿನ ಸೇತುವೆಗೆ ಮಧ್ಯಾಹ್ನ ಮೂರು ಗಂಟೆ ಎಂದು ವರ್ಷವಿಡೀ ಒಂದೇ ಸಮಯ ಬರೆದಿಟ್ಟ ಯೋಜನೆ ಒಂದು ವಾರ ಸರಿ, ಇನ್ನೊಂದು ವಾರ ತಪ್ಪು. ಬಂಗಾಳಿ ವಲಸಿಗರು ಹೌರಾ ಬ್ರಿಜ್ ಎಂದು ಕರೆದ ಈ ಕಮಾನು ಹವಳದ ಬಂಡೆಯನ್ನು ಅಲೆಗಳೇ ಕೊರೆದು ಮಾಡಿದ್ದು. ನೀರು ತುಂಬಿದಾಗ ಹೋದರೆ ಅದು ದೂರದ ಒಂದು ಕಲ್ಲು, ಅದರ ಹತ್ತಿರ ಸುಳಿಯುವುದೂ ಕಷ್ಟ. ಇಳಿತದ ಹೊತ್ತಿಗೆ ಹೋದರೆ ಕಮಾನಿನ ಬುಡದವರೆಗೆ ಹವಳದ ಕಲ್ಲುಹಾಸು ತೆರೆದುಕೊಳ್ಳುತ್ತದೆ. ಅದರ ಗುಂಡಿ ಗುಂಡಿಗಳಲ್ಲಿ ಮೊಣಕಾಲುದ್ದದ ತಿಳಿನೀರು ನಿಂತಿರುತ್ತದೆ. ಬಾಗಿ ಐದು ನಿಮಿಷ ಸುಮ್ಮನೆ ನೋಡಿದರೆ, ಮೊದಲು ಬರೀ ಕಲ್ಲೆಂದು ಕಂಡದ್ದರ ಮೇಲೆ ಸಮುದ್ರ ಸೌತೆ ಮೆಲ್ಲಗೆ ಜರುಗುವುದು ಗೊತ್ತಾಗುತ್ತದೆ. ಬಿರುಕಿನಲ್ಲಿ ಕುಳಿತ ದೊಡ್ಡ ಚಿಪ್ಪಿನ ಅಂಚು ನಮ್ಮ ನೆರಳು ಬಿದ್ದೊಡನೆ ಮುಚ್ಚಿಕೊಳ್ಳುತ್ತದೆ. ಬೆರಳುದ್ದದ ಮೀನು ಹವಳದ ಸಂದಿಗೆ ನುಸುಳಿ ಅಲ್ಲಿಂದಲೇ ಇಣುಕುತ್ತದೆ. ಎರಡು ಮೂರು ಗಂಟೆಯಲ್ಲಿ ಇದೆಲ್ಲ ಮತ್ತೆ ನೀರಿನೊಳಗೆ. ಒಂದೇ ಜಾಗ, ಒಂದೇ ಖರ್ಚು. ಹೋದ ಹೊತ್ತು ಮಾತ್ರ ಬೇರೆ.

ಈ ಹೊತ್ತನ್ನು ಹುಡುಕಲು ದೊಡ್ಡ ವಿದ್ಯೆ ಬೇಕಿಲ್ಲ. ಪ್ರತಿ ದಿನದ ಉಬ್ಬರ-ಇಳಿತದ ಪಟ್ಟಿ ಮೊದಲೇ ಲೆಕ್ಕ ಹಾಕಿ ಪ್ರಕಟವಾಗಿರುತ್ತದೆ, ಫೋನಿನಲ್ಲೇ ಸಿಗುತ್ತದೆ. ಇನ್ನೊಂದು ಸಾಧನವಂತೂ ಕನ್ನಡಿಗರ ಮನೆಮನೆಯ ಗೋಡೆಯ ಮೇಲಿದೆ. ಅದು ತಿಥಿ ಹಾಕಿದ ಕ್ಯಾಲೆಂಡರು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದಿನಗಳಲ್ಲಿ ನೀರು ತೀರಾ ಏರಿ ತೀರಾ ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರಿಳಿತ ಮಂದ. ಬಂಡೆಗುಂಡಿಗಳನ್ನು ನೋಡಬೇಕು, ಉತ್ತರದ ಡಿಗ್ಲಿಪುರದಲ್ಲಿ ರಾಸ್ ಮತ್ತು ಸ್ಮಿತ್ ಎಂಬ ಜೋಡಿ ದ್ವೀಪಗಳ ನಡುವಿನ ಮರಳ ದಾರಿಯಲ್ಲಿ ನಡೆಯಬೇಕು ಎನ್ನುವವರಿಗೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳು ಒಳ್ಳೆಯವು. ರಾತ್ರಿ ದೋಣಿಯ ಹುಟ್ಟು ಆಡಿಸಿದಲ್ಲೆಲ್ಲ ನೀಲಿ ಬೆಳಕು ಚಿಮ್ಮುವ ಸೂಕ್ಷ್ಮಜೀವಿಗಳನ್ನು ಹ್ಯಾವ್‌ಲಾಕಿನಲ್ಲಿ ನೋಡಬೇಕೆಂದರೆ ಅಮಾವಾಸ್ಯೆಯ ಕತ್ತಲೇ ಬೇಕು. ಹುಣ್ಣಿಮೆಯಂದು ಆ ಬೆಳಕು ಬೆಳದಿಂಗಳಲ್ಲಿ ಕರಗಿಹೋಗುತ್ತದೆ. ಮದುವೆ, ಗೃಹಪ್ರವೇಶಕ್ಕೆ ಕ್ಯಾಲೆಂಡರ್ ತಿರುವಿ ತಿಥಿ ನೋಡುವ ನಾವು, ಚಂದ್ರನ ಮಾತನ್ನು ನಿಜವಾಗಿ ಕೇಳುವ ಸಮುದ್ರಕ್ಕೆ ಹೋಗುವಾಗ ಅದೇ ಪುಟವನ್ನು ನೋಡದೆ ಟಿಕೆಟ್ ತೆಗೆಯುವುದು ಸರಿಯಲ್ಲ.

ಗಾಳಿ ಮತ್ತು ಹಡಗಿನ ವಿಷಯ ಇದಕ್ಕಿಂತ ಗಂಭೀರ. ಅಂಡಮಾನಿಗೆ ನೈರುತ್ಯ ಮಳೆ ಮೇ ತಿಂಗಳಲ್ಲೇ, ಕೇರಳಕ್ಕಿಂತ ಮೊದಲೇ ಬರುತ್ತದೆ; ಅದು ಹೋದ ಮೇಲೂ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ ಡಿಸೆಂಬರಿನವರೆಗೆ ಇರುತ್ತದೆ. 2016ರ ಡಿಸೆಂಬರ್ ಮೊದಲ ವಾರದಲ್ಲಿ, ಮುಂದೆ ವರ್ದಾ ಎಂದು ಹೆಸರಾದ ಚಂಡಮಾರುತದ ಹವೆಯಿಂದ ಹಡಗುಗಳು ನಿಂತು, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಅಷ್ಟು ದೊಡ್ಡ ಗಾಳಿಯೇ ಬೇಕೆಂದಿಲ್ಲ, ಸಮುದ್ರ ಸ್ವಲ್ಪ ಕೆರಳಿದರೂ ಆ ದಿನದ ಹಡಗು ರದ್ದಾಗಬಹುದು. ನೀಲ್‌ನಿಂದ ಬೆಳಗ್ಗೆ ಹಡಗು, ಮಧ್ಯಾಹ್ನ ಪೋರ್ಟ್ ಬ್ಲೇರಿನಿಂದ ವಿಮಾನ ಎಂದು ನಿಮಿಷ ಜೋಡಿಸಿದ ಯೋಜನೆ ಆಗ ಒಂದೇ ಏಟಿಗೆ ಕುಸಿಯುತ್ತದೆ. ವಿಮಾನ ಹಿಡಿಯುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕು, ಇಡೀ ಪ್ರವಾಸದಲ್ಲಿ ಏನೂ ಬರೆದಿಡದ ಒಂದು ದಿನ ಇರಬೇಕು ಎಂಬುದು ಇಲ್ಲಿ ಐಷಾರಾಮದ ಮಾತಲ್ಲ, ಮುಂಜಾಗ್ರತೆಯ ಮಾತು. ನಮ್ಮ ಕರಾವಳಿ ಈ ಶಿಸ್ತನ್ನು ಒಪ್ಪಿಕೊಂಡೇ ಬದುಕಿದೆ. ಜೂನ್ ಮತ್ತು ಜುಲೈನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿಯಿಲ್ಲ. ಮಲ್ಪೆಯಲ್ಲಿ ನಿಂತು ಯಾರೂ ಇದನ್ನು ಅನ್ಯಾಯ ಎನ್ನುವುದಿಲ್ಲ. ಸಮುದ್ರ ಬೇಡವೆಂದಾಗ ಬೇಡ ಎನ್ನುವ ಅದೇ ತಿಳಿವಳಿಕೆ ಅಂಡಮಾನಿಗೂ ನಮ್ಮ ಜೊತೆ ಬರಬೇಕು. ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಅಲ್ಲಿನ ಕಡಲು ಹೆಚ್ಚು ಶಾಂತ, ನೀರು ಹೆಚ್ಚು ತಿಳಿ. ಕ್ರಿಸ್‌ಮಸ್ ರಜೆಯೊಂದೇ ದಾರಿ ಎಂದುಕೊಂಡು ದುಬಾರಿ ವಾರಕ್ಕೆ ನುಗ್ಗುವವರು ಫೆಬ್ರುವರಿಯ ಒಂದು ವಾರವನ್ನು ಒಮ್ಮೆ ಯೋಚಿಸಬೇಕು.

ಅವಸರ ಕೆಡಿಸುವುದು ಸಮುದ್ರದ ನೋಟವನ್ನು ಮಾತ್ರವಲ್ಲ. ಕನ್ನಡದಲ್ಲಿ ಅಂಡಮಾನ್ ಎಂಬ ಹೆಸರಿಗಿಂತ ಮೊದಲು ಬಂದು ನೆಲೆಸಿದ್ದು ಕರಿನೀರಿನ ಶಿಕ್ಷೆ ಎಂಬ ಮಾತು. 1858ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ಶುರುಮಾಡಿದರು. 1896ರಿಂದ 1906ರವರೆಗೆ ಸೆಲ್ಯುಲರ್ ಜೈಲು ಕಟ್ಟಿದರು. ನಡುವೆ ಒಂದು ಗೋಪುರ, ಅದರಿಂದ ಚಕ್ರದ ಅರಗಳಂತೆ ಚಾಚಿದ ಮೂರಂತಸ್ತಿನ ಏಳು ಸಾಲು. ಇವತ್ತು ಉಳಿದಿರುವುದು ಮೂರು. ಸಂಜೆ ನಾಲ್ಕಕ್ಕೆ ವಿಮಾನದ ಆಯಾಸದಲ್ಲೇ ಒಳಗೆ ನುಗ್ಗಿ, ಗೋಪುರದ ಮೇಲೆ ಫೋಟೋ ತೆಗೆದು, ಧ್ವನಿ-ಬೆಳಕಿನ ಪ್ರದರ್ಶನಕ್ಕೆ ಓಡುವವರಿಗೆ ಆ ಕಟ್ಟಡ ಏನನ್ನೂ ಹೇಳುವುದಿಲ್ಲ. ಬೆಳಗ್ಗೆ ಬಿಡುವಾಗಿ ಹೋಗಿ ಒಂದು ಕೋಣೆಯ ಬಾಗಿಲಲ್ಲಿ ನಿಂತವರಿಗೆ ಚಿಲಕ ಕಾಣುತ್ತದೆ. ಅದರ ಉದ್ದನೆಯ ಸರಳು ಬಾಗಿಲಿನಿಂದಾಚೆ ಗೋಡೆಯೊಳಗೆ ಕೊರೆದ ಗೂಡಿನವರೆಗೆ ಹೋಗಿ ಅಲ್ಲಿ ಬೀಗಕ್ಕೆ ಸಿಗುತ್ತದೆ. ಒಳಗಿನವನು ಸರಳುಗಳ ನಡುವೆ ಭುಜದವರೆಗೆ ಕೈ ತೂರಿಸಿದರೂ ಬೀಗ ಎಟುಕಬಾರದು. ಬಾಗಿಲಿಂದ ಎದುರಿಗೆ ಕಾಣುವುದು ಮುಂದಿನ ಸಾಲಿನ ಬೆನ್ನು. ಅಲ್ಲಿನ ಕೈದಿಯ ಮುಖ ಎಂದಿಗೂ ಕಾಣದಂತೆ ಏಳೂ ಸಾಲುಗಳನ್ನು ಕೂರಿಸಲಾಗಿದೆ. ಹಿಂದಿನ ಗೋಡೆಯ ಕಿಂಡಿ ಕೈಗೆಟುಕದ ಎತ್ತರದಲ್ಲಿದೆ. ಒಂಟಿತನವನ್ನೇ ಶಿಕ್ಷೆಯನ್ನಾಗಿ ಮಾಡಲು ಇಟ್ಟಿಗೆಯನ್ನು ಎಷ್ಟು ಲೆಕ್ಕ ಹಾಕಿ ಜೋಡಿಸಿದ್ದರು ಎಂಬುದು ಆ ಕೋಣೆಯಲ್ಲಿ ಹತ್ತು ನಿಮಿಷ ಒಬ್ಬರೇ ನಿಂತರೆ ತಿಳಿಯುತ್ತದೆ. 1933ರಲ್ಲಿ ಕ್ರಾಂತಿಕಾರಿ ಮಹಾವೀರ ಸಿಂಗರಂಥವರು ಉಪವಾಸದಲ್ಲಿ ಪ್ರಾಣ ಬಿಟ್ಟ ಜಾಗ ಅದು. 1979ರಿಂದ ರಾಷ್ಟ್ರೀಯ ಸ್ಮಾರಕವಾಗಿರುವ ಈ ಕಟ್ಟಡಕ್ಕೆ ಕಡಿಮೆಯೆಂದರೂ ಒಂದು ಇಡೀ ಬೆಳಗು ಕೊಡಬೇಕು.

ಪಟ್ಟಿಯ ಯೋಜನೆಯಿಂದ ಆಗುವ ಅತಿ ದೊಡ್ಡ ತಪ್ಪು ಬಾರಾಟಾಂಗಿನ ದಾರಿಯಲ್ಲಿದೆ. ಆ ಗುಹೆಗೆ ಹೋಗುವ ರಸ್ತೆ, ಅಂಡಮಾನ್ ಟ್ರಂಕ್ ರೋಡ್, ಜಾರವಾ ಬುಡಕಟ್ಟಿಗೆ ಮೀಸಲಾದ ಕಾಡನ್ನು ಸೀಳಿಕೊಂಡು ಹೋಗುತ್ತದೆ. 2011ರ ಜನಗಣತಿಯ ಪ್ರಕಾರ ಜಾರವಾ ಜನರ ಸಂಖ್ಯೆ 380. ಹೊರಗಿನವರಿಂದ ದೂರವೇ ಉಳಿದಿದ್ದ ಅವರು ಕಳೆದ ಶತಮಾನದ ಕೊನೆಯ ವರ್ಷಗಳಲ್ಲಷ್ಟೇ ಹೊರಗೆ ಕಾಣಿಸಿಕೊಳ್ಳತೊಡಗಿದರು. 1999ರಲ್ಲಿ ಅವರಲ್ಲಿ ದಡಾರ ಹಬ್ಬಿತು. ಸುಪ್ರೀಂ ಕೋರ್ಟ್ 2002ರಲ್ಲೇ ಈ ರಸ್ತೆಯ ಭಾಗಗಳನ್ನು ಮುಚ್ಚುವಂತೆ ಹೇಳಿತ್ತು, ರಸ್ತೆ ಮುಚ್ಚಲಿಲ್ಲ. 2012ರಲ್ಲಿ ಜಾರವಾ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೋ ಹೊರಬಂದು ದೇಶವೇ ತಲೆತಗ್ಗಿಸಿತು. ಇವತ್ತು ವಾಹನಗಳು ಕಾವಲಿನಲ್ಲಿ ಸಾಲಾಗಿ ಹೋಗುತ್ತವೆ, ನಿಲ್ಲುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ನಿಯಮಗಳು ಸರಿಯಾಗಿಯೇ ಇವೆ. ಆದರೂ ಸಾಲಿನಲ್ಲಿ ಕುಳಿತವರ ಕಣ್ಣು ಗುಹೆ ಸಿಗುವ ಮೊದಲೇ ಕಾಡಿನ ಅಂಚಿನಲ್ಲಿ ಯಾರಾದರೂ ಕಾಣುತ್ತಾರೇನೋ ಎಂದು ಹುಡುಕುತ್ತಿರುತ್ತದೆ. ಮನುಷ್ಯರನ್ನು ಹಾಗೆ ಹುಡುಕುವುದು ಪ್ರವಾಸವಲ್ಲ. ಅಂಡಮಾನಿನಲ್ಲಿ ಸಂಪರ್ಕದ ಬೆಲೆ ಎಷ್ಟೆಂಬುದು ಈಗಾಗಲೇ ದಾಖಲಾಗಿದೆ. ಬ್ರಿಟಿಷರು ಬಂದಾಗ ಸಾವಿರಾರು ಮಂದಿಯಿದ್ದ ಗ್ರೇಟ್ ಅಂಡಮಾನೀಸ್ ಜನ 1961ರ ಜನಗಣತಿಯ ಹೊತ್ತಿಗೆ 19ಕ್ಕೆ ಇಳಿದಿದ್ದರು. ಅವರ ಭಾಷೆಗಳಲ್ಲೊಂದಾದ ಬೋ ಭಾಷೆಯನ್ನು ಆಡುತ್ತಿದ್ದ ಕೊನೆಯ ಹಿರಿಯಳು, ಬೋವಾ, 2010ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಭಾಷೆಯ ಉಳಿವಿನ ಬಗ್ಗೆ ಇಷ್ಟೊಂದು ಕಾಳಜಿಯುಳ್ಳ ಕನ್ನಡಿಗರಿಗೆ, ಮಾತಾಡಲು ಒಬ್ಬರೂ ಉಳಿಯದ ಭಾಷೆಯೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆ ದಾರಿಯ ಪ್ರವಾಸವನ್ನು ಬಿಡಬೇಕೆಂಬ ಮಾತಿಗೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಬಾರಾಟಾಂಗಿನ ದೋಣಿಯವರು, ಗುಹೆ ತೋರಿಸುವವರು, ಚಹಾದಂಗಡಿಯವರು ಬದುಕುತ್ತಿರುವುದೇ ಈ ಪ್ರವಾಸಿಗರಿಂದ. ನಾವು ಹೋಗದಿದ್ದರೆ ಅವರ ಗತಿಯೇನು? ಉತ್ತರದ ಊರುಗಳ ಜನ ಆಸ್ಪತ್ರೆ, ಕಾಲೇಜುಗಳಿಗೆ ಬಳಸುವುದೂ ಅದೇ ರಸ್ತೆಯನ್ನಲ್ಲವೇ? ಎರಡೂ ನಿಜವಾದ ಪ್ರಶ್ನೆಗಳು. ಆದರೆ ಊರಿನವರ ಅಗತ್ಯದ ಓಡಾಟ ಬೇರೆ, ನೋಡಲೆಂದು ಹೋಗುವವರ ಓಡಾಟ ಬೇರೆ. ಮೊದಲನೆಯದಕ್ಕೆ ಇರುವ ನ್ಯಾಯ ಎರಡನೆಯದಕ್ಕೆ ತಾನಾಗಿ ಸಿಗುವುದಿಲ್ಲ. ದೋಣಿಯವರ ಜೀವನೋಪಾಯ ಉಳಿಯಬೇಕಾದರೆ ಪ್ರವಾಸಿಗರು ಸಮುದ್ರದ ದಾರಿಯಿಂದಲೇ ಅಲ್ಲಿಗೆ ಹೋಗುವ ವ್ಯವಸ್ಥೆ ನೆಲೆಗೊಳ್ಳಬೇಕು. ಆ ಬೇಡಿಕೆ ಹಳೆಯದು. ರಸ್ತೆಯಲ್ಲಿ ನೂಕುನುಗ್ಗಲು ಇರುವಷ್ಟು ದಿನ ಅದಕ್ಕೆ ಬಲ ಬರುವುದಿಲ್ಲ. ನಮ್ಮ ಮಟ್ಟಿಗೆ ಇನ್ನೊಂದು ಸರಳ ಮಾತೂ ಇದೆ. ಗುಹೆಯನ್ನೇ ನೋಡಬೇಕೆಂಬ ಆಸೆಯಿದ್ದರೆ ಆಂಧ್ರದ ಬೇಲಂ ಗುಹೆಗಳು ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರಿನೊಳಗೇ ಇವೆ. ಮೂರು ಕಿಲೋಮೀಟರಿಗೂ ಉದ್ದದ ಆ ಸುಣ್ಣಕಲ್ಲಿನ ಗುಹೆಗೆ ಒಂದು ಭಾನುವಾರ ಹೋಗಿಬರಬಹುದು. ಅದಕ್ಕಾಗಿ ಯಾರ ಮನೆಯಂಗಳವನ್ನೂ ಹಾದುಹೋಗಬೇಕಿಲ್ಲ. ದ್ವೀಪಕ್ಕೆ ಹೋದವರು ದ್ವೀಪದಲ್ಲಿ ಮಾತ್ರ ಸಿಗುವುದನ್ನು ನೋಡಬೇಕು.

ಹಾಗೆ ಅಲ್ಲಿ ಮಾತ್ರ ಸಿಗುವುದರಲ್ಲಿ ಮೊದಲನೆಯದು ಹವಳದ ದಿಬ್ಬ. ಅದು ಕಲ್ಲಿನಂತೆ ಕಂಡರೂ ಜೀವಂತ ಪ್ರಾಣಿಗಳ ಕಾಲೊನಿ. ಗುಂಡನೆಯ ದೊಡ್ಡ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತವೆ. ಈಜಲು ಬಾರದವರು ಅವಸರದಲ್ಲಿ ಕಾಲೂರಿ ಮುರಿದ ಒಂದು ಗೇಣಿನಷ್ಟು ಹವಳ ಮತ್ತೆ ಬೆಳೆಯಲು ಹುಟ್ಟಿದ ಮಗು ಕಾಲೇಜು ಮುಗಿಸುವಷ್ಟು ಕಾಲ ಬೇಕು. 1998, 2010 ಮತ್ತು 2016ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳಗಳು ಬಿಳಿಚಿಕೊಂಡವು. ಬಿಸಿಯಿಂದ ನರಳಿದ್ದರ ಮೇಲೆ ಕಾಲಿನ ಪೆಟ್ಟೂ ಬೀಳಬೇಕಿಲ್ಲ. ಅರ್ಧ ಗಂಟೆಯ ಗಡುವಿನಲ್ಲಿ ಐವತ್ತು ಜನರನ್ನು ಒಟ್ಟಿಗೆ ನೀರಿಗಿಳಿಸುವ ಕಡೆ ಯಾರಿಗೂ ಎಚ್ಚರಿಕೆ ಕಲಿಸಲು ಪುರಸೊತ್ತಿರುವುದಿಲ್ಲ. ಅದೇ, ಒಂದೇ ದ್ವೀಪದಲ್ಲಿ ಮೂರು ದಿನ ಇರುವವರು ಮೊದಲ ದಿನ ಆಳವಿಲ್ಲದ ಮರಳಿನ ಮೇಲೆ ಮುಖವಾಡ ಹಾಕಿ ತೇಲುವುದನ್ನು ಕಲಿತು, ಎರಡನೇ ದಿನ ಹವಳದ ಮೇಲೆ ಕಾಲೂರದೆ ತೇಲಬಲ್ಲರು. 1983ರಲ್ಲಿ ಸ್ಥಾಪನೆಯಾದ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಜಾಲಿ ಬಾಯ್ ದ್ವೀಪವನ್ನು ಮಳೆಗಾಲದಲ್ಲಿ ಮುಚ್ಚಿ ರೆಡ್ ಸ್ಕಿನ್ ದ್ವೀಪವನ್ನು ತೆರೆಯುತ್ತಾರೆ. ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ. ಒಂದಕ್ಕೆ ಬಿಡುವು ಕೊಟ್ಟು ಇನ್ನೊಂದನ್ನು ಬಳಸುವ ಈ ಕ್ರಮ ನಮ್ಮ ರೈತರು ಹೊಲವನ್ನು ಬೀಳು ಬಿಡುವಂಥದ್ದೇ. ಆ ದಾರಿಯಲ್ಲೇ ಸಿಪ್ಪಿಘಾಟ್ ಸಿಗುತ್ತದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲವೇ ತಗ್ಗಿ, ಅಲ್ಲಿನ ಗದ್ದೆ ತೋಟಗಳಿಗೆ ನುಗ್ಗಿದ ಉಪ್ಪುನೀರು ಮತ್ತೆ ಹೊರಗೆ ಹೋಗಲಿಲ್ಲ. ಯಾವ ಪಟ್ಟಿಯಲ್ಲೂ ಇಲ್ಲದ ಆ ನೀರಿನ ದಂಡೆಯಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ನಿಂತರೆ ದ್ವೀಪದ ನೆಲ ಎಷ್ಟು ನಾಜೂಕಿನದು ಎಂದು ಅರ್ಥವಾಗುತ್ತದೆ.

ನೀರಿನ ಮಾತನ್ನೂ ಇಲ್ಲೇ ಹೇಳಬೇಕು. 2011ರಲ್ಲಿ ಅಂಡಮಾನ್ ಮತ್ತು ನಿಕೋಬಾರಿನ ಜನಸಂಖ್ಯೆ 3.8 ಲಕ್ಷ, ಕೋವಿಡ್‌ಗೆ ಮೊದಲಿನ ವರ್ಷಗಳಲ್ಲಿ ಬರುತ್ತಿದ್ದ ಪ್ರವಾಸಿಗರು ವರ್ಷಕ್ಕೆ ಐದು ಲಕ್ಷದ ಆಸುಪಾಸು. ಪೋರ್ಟ್ ಬ್ಲೇರಿನ ಕುಡಿಯುವ ನೀರಿಗೆ ಮುಖ್ಯ ಆಸರೆ ಧಾನಿಖಾರಿ ಅಣೆಕಟ್ಟು, ಅದಕ್ಕೆ ಆಸರೆ ಮಳೆ. ಪ್ರವಾಸಿಗರು ಕಿಕ್ಕಿರಿಯುವ ಜನವರಿಯಿಂದ ಏಪ್ರಿಲ್‌ವರೆಗಿನ ಕಾಲವೇ ಮಳೆಯಿಲ್ಲದ ಕಾಲ; ಬೇಸಗೆಯಲ್ಲಿ ಊರಿನವರಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುವುದೂ ಕಷ್ಟವಾಗುತ್ತದೆ. ಫೆಬ್ರುವರಿಗೆ ಬನ್ನಿ ಎಂದು ಮೇಲೆ ಹೇಳಿ ಈಗ ಇದನ್ನು ಹೇಳುವುದು ವಿರೋಧಾಭಾಸವಲ್ಲವೇ ಎಂದು ಕೇಳಬಹುದು. ಹೌದು, ಒಳ್ಳೆಯ ಕಾಲ ಮತ್ತು ಕಷ್ಟದ ಕಾಲ ಅಲ್ಲಿ ಒಟ್ಟಿಗೇ ಬರುತ್ತವೆ. ಅದನ್ನು ತಪ್ಪಿಸುವ ಉಪಾಯವಿಲ್ಲ, ತಿಳಿದು ನಡೆಯುವ ಉಪಾಯವಿದೆ. ಈಜುಕೊಳವಿರುವ ಹೋಟೆಲಿಗಿಂತ ಮಳೆನೀರು ಕೂಡಿಡುವ ಚಿಕ್ಕ ವಸತಿಯನ್ನು ಆರಿಸಿಕೊಳ್ಳುವುದು, ಹಾಸಿಗೆ ಬಟ್ಟೆಯನ್ನು ದಿನವೂ ಬದಲಿಸಬೇಡಿ ಎನ್ನುವುದು ಬೆಂಗಳೂರಿನ ಬೇಸಗೆ ಕಂಡವರಿಗೆ ಹೊರೆಯಾಗಬಾರದು. ಕಡಲಿನಲ್ಲಿ ಕಳೆಯಬೇಕಾದ ದಿನವನ್ನು ಈಜುಕೊಳದಲ್ಲಿ ಕಳೆಯುವ ಅಗತ್ಯವೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ ಹಣ ಮತ್ತು ರಜೆಯದು. ನೌಕರರ ರಜಾ ಪ್ರವಾಸ ಸೌಲಭ್ಯವಾದ ಎಲ್‌ಟಿಸಿಯಲ್ಲಿ ಸಿಕ್ಕ ಒಂದೇ ಅವಕಾಶ, ಮಕ್ಕಳ ಶಾಲೆಗೆ ಒಂದೇ ವಾರದ ಬಿಡುವು, ಮತ್ತೆ ಯಾವಾಗ ಹೋಗುತ್ತೇವೋ, ಬಂದಮೇಲೆ ಎಲ್ಲ ನೋಡಿಯೇಬಿಡೋಣ ಎನ್ನುತ್ತಾರೆ. ಮಧ್ಯಮ ವರ್ಗದ ಮನೆಯಲ್ಲಿ ಈ ಮಾತಿಗೆ ತೂಕವಿದೆ. ಆದರೆ ಮೇಲೆ ಮಾಡಿದ ಲೆಕ್ಕ ಹೇಳುವುದೇ ಇದನ್ನು: ಎಲ್ಲ ನೋಡುವ ಯೋಜನೆಯಲ್ಲಿ ಕೊಟ್ಟ ಹಣದ ದೊಡ್ಡ ಪಾಲು ದಾರಿಗೇ ಹೋಗುತ್ತದೆ. ಅದೇ ರಜೆಯನ್ನು ಬೇರೆ ರೀತಿ ಹಂಚಿ ನೋಡಿ. ಒಂದೇ ಒಂದು ದಿನ ಸೇರಿಸಿ ಆರು ರಾತ್ರಿ, ಏಳು ಹಗಲು ಎಂದಿಟ್ಟುಕೊಳ್ಳೋಣ. ಮೊದಲ ಎರಡು ರಾತ್ರಿ ಪೋರ್ಟ್ ಬ್ಲೇರ್, ಮೂರು ರಾತ್ರಿ ಹ್ಯಾವ್‌ಲಾಕ್ ಇಲ್ಲವೇ ನೀಲ್ ಎರಡರಲ್ಲಿ ಒಂದೇ ಒಂದು, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಸಮುದ್ರ ದಾಟುವುದು ಎರಡೇ ಸಲ. ಬಂದುಹೋಗುವ ಒಂದು ದಿನ, ಹಡಗಿನ ಒಂದು ದಿನ ಕಳೆದರೂ ಐದು ದಿನ ಕೈಯಲ್ಲಿ ಉಳಿಯುತ್ತದೆ. ಒಂದು ರಾತ್ರಿಯ ವಸತಿ ಹೆಚ್ಚಾದರೆ, ಒಂದು ಹಡಗಿನ ಟಿಕೆಟ್ಟು, ಒಂದು ದಿನದ ಟ್ಯಾಕ್ಸಿ ಉಳಿಯುತ್ತದೆ. ಕ್ರಿಸ್‌ಮಸ್ ವಾರ ಬಿಟ್ಟರೆ ವಿಮಾನದ ದರದಲ್ಲೇ ಆ ರಾತ್ರಿಯ ಖರ್ಚು ಹೊರಟುಬಿಡಬಹುದು. ಏಳನೆಯ ದಿನ ಸಿಗುವುದೇ ಇಲ್ಲ ಎನ್ನುವವರು ಪೋರ್ಟ್ ಬ್ಲೇರಿನ ಒಂದು ರಾತ್ರಿ ಬಿಟ್ಟು ಆರೇ ದಿನದಲ್ಲಿ ಹೋಗಿಬಂದರೂ ನಾಲ್ಕು ದಿನ ಉಳಿಯುತ್ತದೆ, ಎರಡೂವರೆಯಲ್ಲ.

ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರಿಗೆ ಪ್ಯಾಕೇಜ್ ಇಲ್ಲದೆ ಆಗುವುದಿಲ್ಲ ಎಂಬುದೂ ನಿಜ. ಹೊಸ ಊರಿನಲ್ಲಿ ಕಾರು, ಹಡಗಿನ ಟಿಕೆಟ್ಟು, ಊಟದ ವ್ಯವಸ್ಥೆಯನ್ನು ಒಬ್ಬರು ನೋಡಿಕೊಂಡರೆ ನೆಮ್ಮದಿ. ಆ ಸೇವೆಯನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ನಿಜ ಹೇಳಬೇಕೆಂದರೆ ನಿಧಾನದ ಯೋಜನೆಯಿಂದ ಹೆಚ್ಚು ಸುಖ ಸಿಗುವುದು ಮಂಡಿನೋವಿನವರಿಗೇ. ಮೂರು ಗಂಟೆಗೆ ಎದ್ದು ಬಾರಾಟಾಂಗಿಗೆ ಹೋಗುವ ಕಷ್ಟ ಅವರಿಗೇ ಹೆಚ್ಚು. ಪ್ಯಾಕೇಜ್ ಕೊಡುವವರನ್ನು ಕೇಳುವ ಪ್ರಶ್ನೆ ಬದಲಾದರೆ ಸಾಕು. ಎಷ್ಟು ಪಾಯಿಂಟ್ ತೋರಿಸುತ್ತೀರಿ ಎಂದು ಕೇಳುವ ಬದಲು, ನಾವು ಅಲ್ಲಿರುವ ದಿನಗಳಲ್ಲಿ ಇಳಿತ ಎಷ್ಟು ಹೊತ್ತಿಗೆ, ಹಡಗು ರದ್ದಾದರೆ ಏನು ಮಾಡುತ್ತೀರಿ, ಬಾರಾಟಾಂಗ್ ಬಿಟ್ಟು ಆ ದಿನ ಹ್ಯಾವ್‌ಲಾಕಿಗೆ ಸೇರಿಸಿಕೊಡುತ್ತೀರಾ ಎಂದು ಕೇಳಬೇಕು. ಗಿರಾಕಿ ಕೇಳಿದ್ದನ್ನು ವ್ಯಾಪಾರ ಕಲಿತುಕೊಳ್ಳುತ್ತದೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಪ್ರವಾಸ ಸಂಸ್ಥೆಗಳು ಕೊಡುವ ಹಾಳೆಯ ಮೇಲೆ ದಿನದ ಎದುರು ಸೂರ್ಯ ಮುಳುಗುವ ಹೊತ್ತು, ಇಳಿತದ ಹೊತ್ತು ಎಂಬ ಎರಡು ಸಾಲು ಮುದ್ರಿಸಿದರೂ ಸಾಕು, ಅರ್ಧ ತಪ್ಪು ಅಲ್ಲೇ ಸರಿಹೋಗುತ್ತದೆ. ಒಂದೇ ದ್ವೀಪದಲ್ಲಿ ಹೆಚ್ಚು ದಿನ ನಿಂತವರ ಹಣ ಊರಿನಲ್ಲೇ ಹರಿಯುತ್ತದೆ ಎಂಬುದನ್ನೂ ಮರೆಯಬಾರದು. ನೀಲ್ ದ್ವೀಪದ ಊರುಗಳಿಗೆ ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ ಎಂದು ರಾಮಾಯಣದ ಹೆಸರುಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಕಾಡು ಕಡಿದು ತರಕಾರಿ ಬೆಳೆದವರ ಊರುಗಳವು. ಅವರ ಮನೆಯ ಊಟ, ಬಾಡಿಗೆ ಸೈಕಲ್ಲು, ಇಳಿತದಲ್ಲಿ ಬಂಡೆಗುಂಡಿ ತೋರಿಸುವ ಹುಡುಗನ ಕೂಲಿ ಸಿಗುವುದು ರಾತ್ರಿ ಉಳಿಯುವವರಿಂದ. ಜೆಟ್ಟಿಯಲ್ಲಿ ಇಳಿದು ನಾಲ್ಕು ಗಂಟೆಯಲ್ಲಿ ಮರಳುವವರಿಂದ ಅವರಿಗೆ ಸಿಗುವುದು ಬಹಳ ಕಡಿಮೆ.

ಒಬ್ಬರು ಹೀಗೆ ಯೋಜಿಸಿದರೆ ಏನು ಬದಲಾದೀತು ಎಂದು ಕೈಚೆಲ್ಲಬೇಕಿಲ್ಲ. ಹ್ಯಾವ್‌ಲಾಕ್ 2018ರಲ್ಲಿ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಹೆಸರು ಬದಲಿಸುವುದು ಸರ್ಕಾರದ ಕೈಯಲ್ಲಿದೆ. ಹೋಗುವ ರೀತಿ ಬದಲಿಸುವುದು ಹೋಗುವವರ ಕೈಯಲ್ಲೇ ಇದೆ. ಅದಕ್ಕೆ ಕಾನೂನು ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ. ಟಿಕೆಟ್ ತೆಗೆಯುವ ಮೊದಲು ಗೋಡೆಯ ಕ್ಯಾಲೆಂಡರಿನ ಮುಂದೆ ಮನೆಮಂದಿಯೆಲ್ಲ ನಿಂತು ಅಮಾವಾಸ್ಯೆ ಎಂದು, ಹುಣ್ಣಿಮೆ ಎಂದು ನೋಡಿ, ಆ ವಾರದ ಇಳಿತದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಆ ಚೀಟಿಯಲ್ಲಿ ಇಳಿತ ಬೆಳಗ್ಗೆ ಏಳಕ್ಕೆ ಎಂದಿದ್ದರೆ, ಅಂದು ಆರಕ್ಕೇ ಎದ್ದು ಸೈಕಲ್ ತುಳಿದು ಹೋಗುವ ಮಗು ಹವಳದ ಗುಂಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತದೆ. ನೀರು ಮತ್ತೆ ಏರಿ ಪಾದ ಮುಟ್ಟುವವರೆಗೆ ಅಲ್ಲಿಂದ ಏಳಿಸುವ ಅವಸರ ಅಂದು ಯಾರಿಗೂ ಇರುವುದಿಲ್ಲ.